ಗದಿಗೆಪ್ಪ ಹೇಳಿದ್ದು, ನಾನು ಬರೆದದ್ದು

ಸೆಪ್ಟೆಂಬರ್ 14, 2025, ಭಾನುವಾರ. ಮಿಸೌರಿ ಸಿಟಿ

ಹವೆ: ಮೂವತ್ತೈದು ಡಿಗ್ರಿ, ಬೆವರು. ಆರೋಗ್ಯ: ಉತ್ತಮ. ಊಟ: ಚಪಾತಿ, ಹೆಸರುಕಾಳು ಪಲ್ಯ, ಮೊಸರು.

ಈ ಮೂರು ಸಾಲು ಹಾಕದಿದ್ದರೆ ನನಗೆ ಕೈ ಓಡುವುದಿಲ್ಲ. ಹದಿನೇಳು ವರ್ಷ ಪಲ್ಟನ್ನಿನಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದವನ ಚಾಳಿ. "ಅಪ್ಪಾ, ನಿಮ್ಮ ಡೈರಿ ಆಸ್ಪತ್ರೆ ಚಾರ್ಟ್ ಥರ ಇದೆ" ಎಂದು ಮಗಳು ಶ್ರೇಯಾ ನಗುತ್ತಾಳೆ. ನಗಲಿ, ಅವಳಿಗೇನು ಓದು ಎಂದು ಕೊಟ್ಟಿದ್ದೇನೆಯೇ?

ಬೆಳಿಗ್ಗೆ ಕನ್ನಡ ಸಂಘದ ಚಂದ್ರಮೋಹನ ಫೋನ್ ಮಾಡಿದ್ದರು. ಇಲ್ಲಿಂದ ಅರ್ಧ ಗಂಟೆ ದೂರದ ಕೇಟಿ ಎಂಬ ಊರಿನಲ್ಲಿ ಹರ್ಷಿಣಿ ಎಂಬ ಎಂಜಿನಿಯರ್ ಹುಡುಗಿ ಇದ್ದಾಳಂತೆ. ಅವಳ ತಂದೆ ಸಿಪಾಯಿ. ಲಂಕೆಯ ಅಂತರ್ಯುದ್ಧ ನಡೆದಿದ್ದಾಗ ನಮ್ಮ ಶಾಂತಿಪಡೆಯ ಜೊತೆ ಅಲ್ಲಿಗೆ ಹೋದವನು ತಿರುಗಿ ಬರಲಿಲ್ಲವಂತೆ. ಅವನು ಮನೆಗೆ ಕಳಿಸಿದ ಪತ್ರಗಳಿವೆ, ಕನ್ನಡ ಕೈಬರಹ. ಹುಡುಗಿ ಪುಣೆಯ ಹಾಸ್ಟೆಲುಗಳಲ್ಲಿ ಬೆಳೆದವಳು, ಓದಲು ಬಾರದು. ತಾಯಿಗೆ ಮೊದಲೇ ಓದು ಇಲ್ಲ. "ನೀವು ಮಿಲಿಟರಿಯವರು, ಓದಿ ರೆಕಾರ್ಡ್ ಮಾಡಿ ಕೊಡ್ತೀರಾ ಸರ್?" ಎಂದರು. ನಾನೂ 1988ರಲ್ಲಿ ಜಾಫ್ನಾದ ಕಡೆ ಇದ್ದವನೇ. ಆಗಲಿ ಎಂದೆ. ಅಮೆರಿಕದ ಈ ಮಗಳ ಮನೆಯಲ್ಲಿ ನನಗೆ ಬೇರೆ ಓದುವುದಾದರೂ ಏನಿದೆ? ಹುಲ್ಲು ಒಂದಿಂಚು ಹೆಚ್ಚು ಬೆಳೆದರೆ ಕಾಲೊನಿಯವರು ಕಳಿಸುವ ನೋಟಿಸು.

ಮಧ್ಯಾಹ್ನ ಹುಡುಗಿ ಬಂದಳು. ಕವರಿನಿಂದ ಒಂಬತ್ತು ಇನ್‌ಲ್ಯಾಂಡ್ ಪತ್ರಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದನ್ನು ಬಿಡಿಸಿದೆ. ಅಕ್ಷರ ನನ್ನದು.

ನಿಜ ಹೇಳುತ್ತೇನೆ, ಮೊದಲು ಆದದ್ದು ಹೆಮ್ಮೆ. ಮೂವತ್ತೇಳು ವರ್ಷವಾದರೂ ಶಾಯಿ ಹಬ್ಬಿಲ್ಲ, ಸಾಲು ಬಾಗಿಲ್ಲ. ಆಮೇಲೆ ಕೆಳಗೆ ಸೊಟ್ಟ ಅಕ್ಷರದ ಸಹಿ ಕಂಡಿತು. ಗದಿಗೆಪ್ಪ. ಅವನಿಗೆ ಬರುತ್ತಿದ್ದುದು ಆ ನಾಲ್ಕಕ್ಷರ ಮಾತ್ರ. ಅಣ್ಣನ ಶಾಲಾ ಸರ್ಟಿಫಿಕೇಟು ತೋರಿಸಿ ಭರ್ತಿಯಾದವನು.

"ಯಾರು ಬರ್ದಿರಬಹುದು ಅಂಕಲ್ ಇದನ್ನ? ಸೋ ನೀಟ್!" ಎಂದಳು ಹರ್ಷಿಣಿ.

"ಯಾರೋ ಕ್ಲರ್ಕ್ ಇರಬೇಕವ್ವಾ" ಎಂದೆ.

ಯಾಕೆ ಹಾಗೆಂದೆನೋ. ನಾನೇ ಎಂದಿದ್ದರೆ ಇನ್ನೊಂದು ತಾಸು ಕೂತು ಪ್ರಶ್ನೆ ಕೇಳುತ್ತಿದ್ದಳು. ನನಗೆ ಮಧ್ಯಾಹ್ನ ಸ್ವಲ್ಪ ಮಲಗಿ ಅಭ್ಯಾಸ.

ಸೆಪ್ಟೆಂಬರ್ 17, ಬುಧವಾರ

ಹವೆ: ಅದೇ. ಆರೋಗ್ಯ: ಉತ್ತಮ. ಊಟ: ಅನ್ನ, ಸಾರು.

ಒಂಬತ್ತನ್ನೂ ಫೋನಿನಲ್ಲಿ ಓದಿ ಹರ್ಷಿಣಿಗೆ ಕಳಿಸಿದೆ. ಮುಕ್ಕಾಲು ಗಂಟೆಯ ಕೆಲಸ. ಜಾಫ್ನಾದ ಕ್ಯಾಂಪಿನಲ್ಲಿ ಪ್ರತಿ ಗುರುವಾರ ತಾಡಪತ್ರಿಯ ಚಪ್ಪರದ ಕೆಳಗೆ ನಾನು ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದುದು ನೆನಪಾಯಿತು. ಬರೆಯಲು ಬಾರದ ನಮ್ಮ ಕಡೆಯ ಹುಡುಗರು ಸಾಲಾಗಿ ನಿಲ್ಲುತ್ತಿದ್ದರು. ತಲೆಗೆ ನಾಲ್ಕು ನಿಮಿಷ. ಬರೆದ ಪತ್ರ ಸಾಹೇಬರ ಮೇಜಿಗೆ ಹೋಗಿ, ಅವರು ನೋಡಿದ ಮೇಲೆಯೇ ಟಪಾಲಿಗೆ ಬೀಳುತ್ತಿತ್ತು. ಊರಿನ ಹೆಸರು, ಗುಂಡು, ಸಾವು, ಇವು ಮೂರೂ ಇರುವಂತಿಲ್ಲ. ಇದ್ದರೆ ಕಪ್ಪು ಮಸಿ ಬಳಿಯುತ್ತಿದ್ದರು, ಬರೆಸಿದವನನ್ನೂ ಬರೆದವನನ್ನೂ ಕರೆಸುತ್ತಿದ್ದರು. ಹಾಗಾಗಿ ಬರೆಯುವಾಗಲೇ ನಾನು ಸೋಸಿಬಿಡುತ್ತಿದ್ದೆ. ಹುಡುಗರು ಹೇಳುವುದು ಒಂದು ಗಾಡಿ, ನಾನು ಬರೆಯುವುದು ಒಂದು ಬುಟ್ಟಿ. ನನ್ನ ಒಂದು ಪತ್ರಕ್ಕೂ ಮಸಿ ಬೀಳಲಿಲ್ಲ, ಒಬ್ಬ ಹುಡುಗನಿಗೂ ತೊಂದರೆಯಾಗಲಿಲ್ಲ.

ಒಂಬತ್ತನೆಯದು ತೀರ ಸಣ್ಣದು. "ಚಂದ್ರಮ್ಮನಿಗೆ ಗದಿಗೆಪ್ಪನ ಆಶೀರ್ವಾದ. ನಾನು ಇಲ್ಲಿ ಕ್ಷೇಮ. ನೀನೂ ಹೊಟ್ಟೆಯಲ್ಲಿರುವ ಕೂಸೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ತಾಳೆ ಮರಗಳು ಬಹಳ. ರಜೆ ಮಂಜೂರಾಗುವ ಸಂಭವವಿದೆ. ಬರುವಾಗ ಏನು ತರಲಿ, ಬರೆದು ತಿಳಿಸು." ಒಂದೇ ಉಸಿರಿಗೆ ಓದಿ ಮುಗಿಸಿದೆ.

ಸೆಪ್ಟೆಂಬರ್ 21, ಭಾನುವಾರ

ಹವೆ: ಮೋಡ. ಆರೋಗ್ಯ: ಉತ್ತಮ. ಊಟ: ಕೇಟಿಯಲ್ಲಿ, ಜೋಳದ ರೊಟ್ಟಿ, ಬದನೆಕಾಯಿ.

ಹರ್ಷಿಣಿ ಊಟಕ್ಕೆ ಕರೆದಿದ್ದಳು. ಶ್ರೇಯಾ ಡ್ರೈವ್ ಮಾಡಿದಳು. ಐ-ಟೆನ್ ಹೆದ್ದಾರಿಯಲ್ಲಿ ಭಾನುವಾರವೂ ಜಾತ್ರೆಯಷ್ಟು ಕಾರು.

ಚಂದ್ರಮ್ಮನನ್ನು ನೋಡಿದೆ. ಅಷ್ಟು ದೊಡ್ಡ ಸೋಫಾ ಇದ್ದರೂ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಣ್ಣ ಜೀವ. ಒಂಬತ್ತು ಸಲ ಇವರ ಹೆಸರನ್ನು ನಾನು ಪತ್ರದ ತಲೆಯಲ್ಲಿ ಬರೆದಿದ್ದೆ, ಮುಖ ಇದೇ ಎಂದು ಗೊತ್ತಿರಲಿಲ್ಲ. ನನ್ನ ರೆಕಾರ್ಡಿಂಗು ಕೇಳಿದರಂತೆ.

"ಚಲೋ ಓದೀರಿ. ಒಂದ ಮಾತು ಕೇಳ್ತೀನ್ರಿ ನಿಮಗ" ಎಂದರು. "ಇವುರಾಗ ಅವರು ನನಗ ಏನರ ಕೇಳ್ಯಾರೇನ್ರಿ?"

"ಏನು ತರಲಿ ಅಂತ ಕೇಳ್ಯಾನಲ್ರಿ."

"ಅದಲ್ರಿ. ಅದಕ್ಕ ನಾ ಸಾಲಿ ಮಾಸ್ತರ ಕಡಿಂದ ಉತ್ತರ ಬರಿಸಿದ್ದೆ, ಕೆಂಪ ಅಂಚಿನ ಸೀರಿ ತರ್ರಿ ಅಂತ. ಬ್ಯಾರೆ ಏನೋ ಕೇಳಿದ್ರಂತ."

ಆಮೇಲೆ ಹೇಳಿದರು. ಗದಿಗೆಪ್ಪನ ಟ್ರಂಕನ್ನು ಊರಿಗೆ ಮುಟ್ಟಿಸಿದವನು ಅವನ ಜೊತೆಗಾರ ರಾಮಮೂರ್ತಿ. ಅವನು ಅಂಗಳದಲ್ಲಿ ಎಲ್ಲರೆದುರು ಹೇಳಿದನಂತೆ: ಅಂವ ನಿನಗ ಒಂದ ಮಾತು ಕೇಳಿ ಬರಸಿದ್ದ, ನಿನ್ನ ಉತ್ತರಕ್ಕ ಕಾದಾ ಕಾದಾ, ನೀ ಕೊಡಲಿಲ್ಲ, ಅದಕ್ಕ ಅಂವ ಸತ್ತ. ಅತ್ತೆ ಅದೇ ವಾರ ಸೊಸೆಯನ್ನು ಏಳು ತಿಂಗಳ ಹೊಟ್ಟೆಯೊಂದಿಗೆ ಬಸ್ಸು ಹತ್ತಿಸಿದರಂತೆ. ಗಂಡನ ಕೊಂದಾಕಿ ಎಂಬ ಹೆಸರು ತವರಿಗೂ ಹಿಂದೆಯೇ ಬಂತಂತೆ.

"ಯಾರ ಸಿಕ್ಕರೂ ಕಾಗದ ಓದಿಸೀನ್ರಿ. ಪೋಸ್ಟಮನ್ನು, ನರ್ಸು, ಪುಣೆದಾಗ ಒಬ್ಬ ಕಂಡಕ್ಟರು. ಏನ್ ಕೇಳಿದ್ರು, ನಾ ಏನ್ ಹೇಳಲಿಲ್ಲ, ಅದ ಗೊತ್ತಾಗವಲ್ದು."

"ಇವುರಾಗ ಅಂಥಾದ್ದು ಏನೂ ಇಲ್ರಿ" ಎಂದೆ. ಅದು ಸುಳ್ಳಲ್ಲ. ಪತ್ರದಲ್ಲಿ ಇಲ್ಲ.

ರಾಮಮೂರ್ತಿ ಮೊದಲಿನಿಂದಲೂ ಬಾಯಿ ಹರುಕ.

ಸೆಪ್ಟೆಂಬರ್ 24, ಬುಧವಾರ

ಹವೆ: ಬಿಸಿ. ಆರೋಗ್ಯ: ಹೊಟ್ಟೆ ಉಬ್ಬರ.

ಗದಿಗೆಪ್ಪ ಸತ್ತದ್ದು ನೆಲಬಾಂಬಿನಿಂದ. ದಾಖಲೆಯಲ್ಲಿ ಹಾಗೆಯೇ ಇದೆ. ದಾಖಲೆ ಟೈಪ್ ಮಾಡಿದವನೂ ನಾನೇ. ಇದರಲ್ಲಿ ಹೆಂಡತಿಯ ಉತ್ತರ, ಮಣ್ಣು ಮಸಿ ಎಲ್ಲಿಂದ ಬಂತು?

ಅಕ್ಟೋಬರ್ 3, ಶುಕ್ರವಾರ

ಆ ರಸ್ತೆಯಲ್ಲಿ ಬಾಂಬು ಹುಗಿದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಕೆಂಪು ಪಟ್ಟಿ ಕಟ್ಟಿತ್ತು. ಪಟ್ಟಿಯನ್ನು ಎರಡು ದಿನ ಹಿಂದೆ ಕಟ್ಟಿದವರಲ್ಲಿ ಗದಿಗೆಪ್ಪನೂ ಒಬ್ಬ. ಬೆಳಿಗ್ಗೆ ಏಳು ಗಂಟೆಗೆ, ಚಹಾದ ಹೊತ್ತಿಗೆ, ಬಂದೂಕು ಗೋಡೆಗೆ ಆನಿಸಿಟ್ಟು, ಪಟ್ಟಿಯನ್ನು ಕೈಯಿಂದ ಎತ್ತಿ ಬಗ್ಗಿ ಆ ಕಡೆ ಹೋದ. ರಾಮಮೂರ್ತಿ ಕೂಗಿದ. ನಾನೂ ಕೂಗಿದೆ. ಹೊಲಕ್ಕೆ ಹೊರಟವನ ಹಾಗೆ ನಡೆದ.

ಇದನ್ನು ದಾಖಲೆಯಲ್ಲಿ ಹಾಕಿದ್ದರೆ ಮನೆಯವರಿಗೆ ಒಳ್ಳೆಯದಾಗುತ್ತಿತ್ತೇ? ಇಲ್ಲ. "ಕರ್ತವ್ಯದ ಮೇಲೆ" ಎಂದು ಟೈಪ್ ಮಾಡಿದೆ. ಉಪಕಾರವನ್ನೇ ಮಾಡಿದ್ದೇನೆ.

ಊಟದ ಬಗ್ಗೆ ಬರೆಯುವುದು ಮರೆತೆ. ಏನು ತಿಂದೆನೋ ಈಗ ನೆನಪಿಲ್ಲ.

ಅಕ್ಟೋಬರ್ 11, ಶನಿವಾರ

ಹರ್ಷಿಣಿ ನನ್ನನ್ನೂ ತಾಯಿಯನ್ನೂ ಆಸ್ಟಿನ್‌ಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ಮ್ಯೂಸಿಯಮ್ಮಿನಲ್ಲಿ ಇವರ ದೇಶದ ಅಂತರ್ಯುದ್ಧದ ಸಿಪಾಯಿಗಳ ಪತ್ರಗಳನ್ನು ಗಾಜಿನ ಕೆಳಗೆ ಇಟ್ಟಿದ್ದಾರೆ. ಅಪ್ಪನ ಪತ್ರಗಳನ್ನೂ ಹೀಗೆ ಜೋಪಾನ ಮಾಡುವುದು ಹೇಗೆಂದು ಅಲ್ಲಿಯವರನ್ನು ಕೇಳಬೇಕಿತ್ತಂತೆ. ಪಾಪದ ಹುಡುಗಿ. ನನ್ನ ಅಕ್ಷರವನ್ನು ಗಾಜಿನ ಕೆಳಗೆ ಇಡುತ್ತಾಳಂತೆ.

ಒಂದು ಪತ್ರದ ಮುಂದೆ ನಿಂತು ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಇವ್ನಿಗೂ ಬರಿಯೋಕೆ ಬರ್ತಿರ್ಲಿಲ್ವಂತೆ. 'ನನ್ನ ಗೆಳೆಯ ನನಗೋಸ್ಕರ ಇದನ್ನ ಬರೀತಿದಾನೆ' ಅಂತ ಇದೆ. ಅಪ್ಪನ ಥರಾನೇ."

ಚಂದ್ರಮ್ಮ ಗಾಜಿನ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು, ಓದು ಬರುವವರ ಹಾಗೆ.

"ಆ ಗೆಣೆಯ ನೆಟ್ಟಗ ಬರದಾನಂತ ಹೆಂಗ ಗೊತ್ತು?" ಎಂದರು.

"ಅಮ್ಮಾ, ಯಾಕೆ ಬರಿಯಲ್ಲ? ಫ್ರೆಂಡ್ ಅಲ್ವಾ?" ಎಂದು ಹರ್ಷಿಣಿ ನಕ್ಕಳು. ಚಂದ್ರಮ್ಮ ನನ್ನ ಕಡೆ ತಿರುಗಿ, "ನೀವು ಹೇಳ್ರಿ, ಮಿಲಿಟರ್ಯಾಗ ಇದ್ದವರು. ಬರೀತಿದ್ರನ ಎಲ್ಲಾನೂ?" ಎಂದು ಕೇಳಿದರು.

ನಾನು ಬಾತ್‌ರೂಮಿಗೆ ಹೋಗಬೇಕು ಎಂದೆ. ಹೋದೆ. ಅಲ್ಲೇ ಹತ್ತು ನಿಮಿಷ ನಿಂತಿದ್ದೆ.

ಅಕ್ಟೋಬರ್ 12, ಭಾನುವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಜುಲೈ ತಿಂಗಳ ಒಂದು ಗುರುವಾರ ಗದಿಗೆಪ್ಪ ಸಾಲಿನ ಕೊನೆಗೆ ಬಂದು ನಿಂತ. ಸಾಲಿನಲ್ಲಿ ಯಾರೂ ಉಳಿಯದ ಮೇಲೆ ಕೂತ. ಹಿಂದಿನ ವಾರ ಒಂದು ಹಳ್ಳಿಯಲ್ಲಿ ನಸುಕಿನಲ್ಲಿ ತಪಾಸಣೆ ನಡೆದಿತ್ತು. ಒಂದು ಮನೆಯ ಬಾಗಿಲ ಹಿಂದೆ ಏನೋ ಸರಿದಾಡಿದ್ದು ಕಂಡು ಇವನು ಹೆದರಿ ಗುಂಡು ಹಾರಿಸಿದ್ದ. ಒಳಗಿದ್ದದ್ದು ಒಲೆ ಹೊತ್ತಿಸಲು ಎದ್ದಿದ್ದ ಒಬ್ಬ ಹೆಂಗಸು. ಅವಳ ಪಕ್ಕದಲ್ಲಿ ಜೋಲಿಯಲ್ಲಿ ಒಂದು ಕೂಸಿತ್ತು. ಕೂಸಿಗೆ ಏನೂ ಆಗಿರಲಿಲ್ಲ. ಅದು ಅಳುತ್ತಿದ್ದುದನ್ನು ನಿಲ್ಲಿಸಲು ಇವನು ಎತ್ತಿಕೊಂಡನಂತೆ, ಅದು ಇವನ ಕೈಯಲ್ಲಿ ಸುಮ್ಮನಾಯಿತಂತೆ. ಅದನ್ನೇ ಮತ್ತೆ ಮತ್ತೆ ಹೇಳಿದ. "ಸುಮ್ಮನಾತ್ರಿ ಅದು. ನನ್ನ ಕೈಯಾಗ."

ಆಮೇಲೆ ಹೆಂಡತಿಗೆ ಬರೆಯಿರಿ ಎಂದ. ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಚಂದ್ರವ್ವಾ, ನಾ ಒಬ್ಬ ಬಾಳಂತೀನ ಕೊಂದೀನಿ. ಇದ ಕೈಯಿಂದ ನಮ್ಮ ಕೂಸಿನ ಮುಟ್ಟಬಹುದೇನ ನಾ? ನೀ ಹೂಂ ಅಂದ್ರ ಬರ್ತೀನಿ. ಒಲ್ಲೆ ಅಂದ್ರ ಬರಂಗಿಲ್ಲ. ಹೆಂಗಂತೀ ಹಂಗ."

ನಾನು ತಲೆಯಾಡಿಸುತ್ತ ಬರೆದೆ. ತಾಳೆ ಮರಗಳು ಬಹಳ ಎಂದು ಬರೆದೆ. ಏನು ತರಲಿ ಎಂದು ಬರೆದೆ. ಅವನ ಕಣ್ಣು ನನ್ನ ಪೆನ್ನಿನ ಮೇಲಿತ್ತು. ಅವನು ಹೇಳಿದ್ದನ್ನೇ ಬರೆದಿದ್ದರೆ ಸಾಹೇಬರು ಅವನನ್ನು ವಿಚಾರಣೆಗೆ ಹಾಕುತ್ತಿದ್ದರು, ನನ್ನನ್ನೂ. ಹೇಳಿದ್ದಷ್ಟು ಉದ್ದ ಪತ್ರ ಕಾಣಲಿಲ್ಲವಲ್ಲ, ಅವನು ಕೇಳಿದ: "ಎಲ್ಲಾ ಬಂತನ್ರಿ?" ಬಂತು ಎಂದೆ. ಇದು ಬರೆಯುವಂಥದ್ದಲ್ಲ ಎಂದು ಅವನಿಗೆ ಹೇಳಬಹುದಿತ್ತು. ಹೇಳಿದರೆ ಅವನು ವಾದ ಮಾಡುತ್ತಿದ್ದ, ಟಪಾಲು ಜೀಪು ಹೊರಡುವ ಹೊತ್ತಾಗಿತ್ತು. ಸಹಿ ಮಾಡು ಎಂದೆ, ಮಾಡಿದ.

ಇಪ್ಪತ್ತೆರಡು ದಿನಕ್ಕೆ ಉತ್ತರ ಬಂತು. ರಜೆಯೂ ಮಂಜೂರಾಗಿತ್ತು. ಓದ್ರಿ ಎಂದು ಎದುರಿಗೆ ಕೂತ. "ಕೆಂಪು ಅಂಚಿನ ಸೀರೆ ತರಬೇಕು. ಕೂಸು ಬಹಳ ಒದೆಯುತ್ತದೆ. ಅತ್ತೆಯವರಿಗೆ ಕೆಮ್ಮು." ಮತ್ತೊಮ್ಮೆ ಓದ್ರಿ ಎಂದ. ಓದಿದೆ. ಇನ್ನೊಮ್ಮೆ ಎಂದ. "ಇಷ್ಟೇನ್ರಿ? ನಾ ಕೇಳಿದ್ದಕ್ಕ ಏನಂದಾಳ?" ಇಷ್ಟೇ ಇದೆ ಎಂದೆ. "ಬಾಯಿ ತಗದು ಒಲ್ಲೆ ಅನ್ನಾಕ ಆಗಿಲ್ಲ ಆಕಿಗೆ" ಎಂದು ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮರುದಿನ ಬೆಳಿಗ್ಗೆ ಪಟ್ಟಿ ಎತ್ತಿ ಬಗ್ಗಿದ.

ಬರೆದದ್ದರಲ್ಲಿ ನನ್ನ ತಪ್ಪಿದೆ, ಇಲ್ಲವೆನ್ನುವುದಿಲ್ಲ. ಆದರೆ ಓದುವಾಗ ನಾನು ಒಂದಕ್ಷರ ಆಚೀಚೆ ಮಾಡಿದವನಲ್ಲ. ಇದ್ದದ್ದನ್ನು ಇದ್ದ ಹಾಗೆ ಓದಿದೆ. ಆ ವಿಷಯದಲ್ಲಿ ಯಾರೂ ನನ್ನ ಮೇಲೆ ಬೆರಳು ತೋರಿಸುವಂತಿಲ್ಲ.

ಅಕ್ಟೋಬರ್ 15, ಬುಧವಾರ

ಹರ್ಷಿಣಿ ಫೋನ್ ಮಾಡಿದ್ದಳು.

"ಅಂಕಲ್, ಅಮ್ಮ ಆ ನೈನ್ತ್ ಲೆಟರ್ ರೆಕಾರ್ಡಿಂಗ್‌ನ ದಿನಾ ಹಾಕ್ಕೊಂಡು ಕೇಳ್ತಾಳೆ. ಬೆಳಿಗ್ಗೆ ಎದ್ದಾಗಿಂದ. ಅದ್ರಲ್ಲಿ ಎಲ್ಲೋ ಇದೆ, ನಂಗೆ ತಿಳೀತಿಲ್ಲ ಅಂತಾಳೆ. ಮೊನ್ನೆಯಿಂದ ಸರಿಯಾಗಿ ಊಟಾನೂ ಮಾಡ್ತಿಲ್ಲ. ನೀವೊಮ್ಮೆ ಬಂದು, ಏನೂ ಇಲ್ಲ ಅಂತ ಗಟ್ಟಿಯಾಗಿ ಹೇಳಿಬಿಡ್ತೀರಾ? ನಿಮ್ಮ ಮಾತು ನಂಬ್ತಾಳೆ."

ಶ್ರೇಯಾ ಡಲ್ಲಾಸ್‌ನಲ್ಲಿದ್ದಾಳೆ, ಆಫೀಸಿನ ಕೆಲಸ, 24ಕ್ಕೆ ಬರುತ್ತಾಳೆ, ನನಗೆ ಕಾರು ಓಡಿಸಲು ಬರುವುದಿಲ್ಲ ಎಂದೆ. ಊಬರ್ ಬುಕ್ ಮಾಡ್ಲಾ ಎಂದಳು. ಬೇಡ, ಮಗಳು ಬರಲಿ ಎಂದೆ.

ಅಡುಗೆ ಮನೆಯಲ್ಲಿ ನಿಂತೇ ಒಂಬತ್ತನೆಯದನ್ನು ಕೇಳಿ ನೋಡಿದೆ. ಎಷ್ಟು ಸ್ಪಷ್ಟವಾಗಿ ಓದಿದ್ದೇನೆ! ಫೋನ್ ಆಫ್ ಮಾಡಿದೆ.

ಅಕ್ಟೋಬರ್ 16

ಹೋಗಬೇಕು.

ಅಕ್ಟೋಬರ್ 20

ಹೇಳಿದರೆ ಆ ಹುಡುಗಿಗೆ ತಂದೆಯ ಬಗ್ಗೆ ಏನು ಉಳಿಯುತ್ತದೆ? ಒಬ್ಬ ಬಾಣಂತಿಯನ್ನು ಕೊಂದವನು. ಹೇಳದಿದ್ದರೆ ತಾಯಿ ಗಂಡನನ್ನು ಕೊಂದವಳಾಗಿಯೇ ಸಾಯುತ್ತಾಳೆ. ಎರಡನ್ನೂ ತೂಗಿ ನೋಡುತ್ತ ಕೂತಿದ್ದೇನೆ, ತೂಗಲು ನಾನು ಯಾರೋ. ಈ ಕೆಲಸವನ್ನೇ ಅಲ್ಲವೇ ನಾನು ಆ ಪೆಟ್ಟಿಗೆಯ ಮುಂದೆ ಕೂತು ಮಾಡಿದ್ದು.

ಹೆದರಿಕೆಯಾಗುತ್ತದೆ. ಅರವತ್ನಾಲ್ಕು ವರ್ಷದವನಿಗೆ ಒಬ್ಬ ಹೆಂಗಸಿನ ಹೆದರಿಕೆ.

ಅಕ್ಟೋಬರ್ 26, ಭಾನುವಾರ

ಶ್ರೇಯಾ ನನ್ನನ್ನು ಕೇಟಿಯಲ್ಲಿ ಇಳಿಸಿ, ಕಿರಾಣಿ ತರುತ್ತೇನೆಂದು ಹೋದಳು. ಅವಳಿಗೆ ಇನ್ನೂ ಹೇಳಿಲ್ಲ.

ಚಂದ್ರಮ್ಮ ಅದೇ ಜಾಗದಲ್ಲಿ ನೆಲದ ಮೇಲೆ ಕೂತಿದ್ದರು. ಇಳಿದುಹೋಗಿದ್ದಾರೆ. ನಾನೂ ನೆಲದ ಮೇಲೆ ಕೂತೆ. ಮಂಡಿ ನೋವಿದ್ದರೂ ಕೂತೆ.

"ಆ ಕಾಗದದಾಗಿನ ಅಕ್ಷರ ನನ್ನವ್ರಿ" ಎಂದೆ. "ಕ್ಲರ್ಕು ನಾನ."

ಹರ್ಷಿಣಿ "ವಾಟ್?" ಎಂದಳು. ತಾಯಿ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದರು. ನಾನು ಎಲ್ಲ ಹೇಳಿದೆ. ಹಳ್ಳಿ, ಬಾಗಿಲು, ಒಲೆ, ಜೋಲಿ. ಅವನು ಕೇಳಿದ ಮಾತನ್ನು ಅವನ ಬಾಯಿಂದ ಬಂದ ಹಾಗೆಯೇ ಹೇಳಿದೆ. ನಾನು ಬರೆದದ್ದನ್ನೂ ಹೇಳಿದೆ. ಮೂರು ಸಲ ಓದಿಸಿಕೊಂಡದ್ದು, ಬೆಳಿಗ್ಗೆ ನಡೆದು ಹೋದದ್ದು. ಹರ್ಷಿಣಿ ನಡುವೆ ಎದ್ದು ಒಳಗೆ ಹೋದಳು, ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು. ಚಂದ್ರಮ್ಮ ಅಳಲಿಲ್ಲ. ಅತ್ತಿದ್ದರೆ ನಾನೂ ಅಳಬಹುದಿತ್ತು.

"ಆ ಕೂಸು ಏನಾತ್ರಿ?" ಎಂದು ಕೇಳಿದರು.

"ಗೊತ್ತಿಲ್ರಿ."

"ನಮ್ಮ ಹರ್ಷಿಣಿಗಿಂತ ಒಂಚೂರ ದೊಡ್ಡದಿದ್ದೀತು ಈಗ" ಎಂದರು.

ಆಮೇಲೆ ಪೆನ್ನು ಐತೇನ್ರಿ ಎಂದರು. ನನ್ನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಅವರೇ ಟೀಪಾಯಿ ಮೇಲಿದ್ದ ಕರೆಂಟು ಬಿಲ್ಲು ತೆಗೆದು ಹಿಂಬದಿ ತಿರುಗಿಸಿ ಕೊಟ್ಟರು.

"ಬರ್ಕೊರಿ. ಹೇಳಿದ್ದು ಹೇಳಿದಂಗ."

ಪೆನ್ನಿನ ಮುಚ್ಚಳ ತೆಗೆದೆ.

"ಮೊದ್ಲ ಮನಿಗೆ ಬರ್ರಿ. ಉಳದದ್ದು ಆಮ್ಯಾಲೆ ನೋಡೂಣು."

ಬರೆದು ಮುಂದಿನ ಸಾಲಿಗೆ ಕಾದೆ. ಅಷ್ಟ, ಎಂದರು. ಓದ್ರಿ ಎಂದರು. ಓದಿದೆ. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತಲೆಕೆಳಗಾಗಿ ಹಿಡಿದು ನೋಡಿದರು.

"ಅವತ್ತ ನಿಮ್ಮ ಮುಂದ ಕುಂತು ಮೂರ ಸಲ ಕೇಳ್ಯಾರ. ನಾ ಏನಂದೀನಿ ಅಂತ. ಅವರಿಗೂ ಓದಾಕ ಬರ್ತಿದ್ದಿಲ್ಲ, ನನಗೂ ಬರ್ತಿದ್ದಿಲ್ಲ. ನೀವ ಏನ್ ಓದಿದ್ರೂ ಅದ ನನ್ನ ಮಾತು ಆಗ್ತಿತ್ತು."

"ಹೌದ್ರಿ."

"ಬರಿಯಾಗ ಅಷ್ಟ ಸುಳ್ಳ ಬರದವರು, ಓದಾಗ ಇದೊಂದ ಸಾಲು ಸುಳ್ಳ ಓದಾಕ ಏನಾಗಿತ್ರಿ ನಿಮಗ?"

ಕೇಳಿ ನನ್ನ ಮುಖವನ್ನೇ ನೋಡುತ್ತ ಕೂತರು. ಬೈಯುವ ದನಿಯಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರು ಕೇಳುವ ಹಾಗೆ ಕೇಳಿದರು. ಶ್ರೇಯಾ ಹೊರಗೆ ಹಾರ್ನ್ ಮಾಡಿದಳು. ಹರ್ಷಿಣಿ ಒದ್ದೆ ಮುಖದಲ್ಲಿ ಬಂದು ಬಾಗಿಲು ತೆರೆದು, ನನ್ನ ಕಡೆ ನೋಡದೆ ಪಕ್ಕಕ್ಕೆ ನಿಂತಳು. ನಾನು ಗೋಡೆ ಹಿಡಿದು ಎದ್ದೆ, ಹೊಸ್ತಿಲಿನಲ್ಲಿ ಶೂ ಹಾಕಿಕೊಂಡೆ. ಚಂದ್ರಮ್ಮ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.